ಮೋತ್ಯಾನಿಗೆ ತಕ್ಕ ಮಾಸ್ತರು

ಕಳೆದ ವರ್ಷ ಜೈನ ಮುನಿಗಳು ನಮ್ಮ ಮನೆಗೆ ಆಹಾರಕ್ಕೆ ಬಂದಿದ್ದರು. ನಿಂತು, ಬೊಗಸೆಯೊಡ್ಡಿ ಒಂದೆರಡು ತುತ್ತು ತೆಗೆದುಕೊಂಡಿದ್ದರಷ್ಟೇ, ಹಿತ್ತಲಲ್ಲಿ ಕಟ್ಟಿದ್ದ ನನ್ನ ನಾಯಿ ಮೋತ್ಯಾ ಮನೆಯಲ್ಲಿ ಹೆಣ ಬಿದ್ದವರಂತೆ ಗೋಳಿಟ್ಟ. ಊಟದ ನಡುವೆ ಅಳುವ ದನಿ ಕೇಳಿದರೆ ಅಂತರಾಯ. ಮುನಿಗಳು ಬೊಗಸೆ ಬಿಟ್ಟು ಹೊರಟುಹೋದರು. ಮರುದಿನದವರೆಗೆ ಅವರಿಗೆ ನೀರೂ ಇಲ್ಲ. ಅತ್ತೆ ಲಕ್ಷ್ಮಿಬಾಯಿ ಅವತ್ತಿಡೀ ಅತ್ತರು.

ಈ ವರ್ಷ ಮುನಿಗಳು ಮತ್ತೆ ನಮ್ಮೂರು ಉಗಾರಕ್ಕೆ ಬರುವ ಸುದ್ದಿ ಬಂತು. “ಪೂನಮ, ಅಂವಾ ಸುಮ್ನಿರೂದು ಕಲೀಲಿಲ್ಲಂದ್ರ ತೋಟಕ್ಕ ಕಳಸ್ತೀನಿ ನೋಡು. ಖಾಯಂ” ಎಂದರು ಅತ್ತೆ.

ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದ ನಾಯಿ ಅದು. ನಾನೂ ಅದರ ಜೊತೆಗೇ ಹೋಗುತ್ತೇನೆ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ನುಂಗಿಕೊಂಡು ಟ್ರೇನರ್ ಹುಡುಕಿದೆ.

ಮಿರಜದಿಂದ ಬಂದವನು ಚೀಲ ಬಿಚ್ಚಿದ್ದೇ ತಡ, ಕೋಳಿ ತುಂಡಿನ ವಾಸನೆ ಹೊಸ್ತಿಲು ದಾಟಿತು. “ಇದಿಲ್ದ ನಾಯಿ ಕಲಿಯಂಗಿಲ್ರಿ” ಎಂದ. ಅವನು ಹೋದ ಮೇಲೆ ಅತ್ತೆ ಅಂಗಳವನ್ನೆಲ್ಲ ತೊಳೆಸಿದರು.

ಅಥಣಿಯವನು ಶುದ್ಧ ಸಸ್ಯಾಹಾರಿ, ಆದರೆ ಕೈ ಮಾತ್ರ ಕಟುಕನದು. ಸರಪಳಿ ಜಗ್ಗಿದ ರಭಸಕ್ಕೆ ಮೋತ್ಯಾ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಅವನನ್ನು ಓಡಿಸಿದ್ದು ನಾನಲ್ಲ, ಅತ್ತೆ: “ಇರಿವಿ ಸೈತ ನೋಡಿ ದಾಟೂ ಮನಿ ಇದು. ನಡೀ ಹೊರಗ!”

ಕೊನೆಗೆ ಬಂದ ರಾಯಬಾಗದ ಸುಜಾತಾ ಏನನ್ನೂ ಕಲಿಸಲಿಲ್ಲ. ಚಹಾ ಕುಡಿಯುತ್ತ ಹಿತ್ತಲ ಕಡೆ ನೋಡುತ್ತ ಕೂತಳು. ಮೋತ್ಯಾ ಗೋಳಿಟ್ಟ. ಅಡುಗೆಮನೆಯ ಕಿಟಕಿಯಿಂದ ರೊಟ್ಟಿ ಚೂರೊಂದು ಹಾರಿ ಬಿತ್ತು. ತಿಂದು ಮುಗಿಸಿ ಮತ್ತೆ ಗೋಳಿಟ್ಟ. ಮತ್ತೆ ರೊಟ್ಟಿ.

“ಯಾರ್ರೀ ಅದು ಒಗಿಯೂದು?” ಸುಜಾತಾ ಕೇಳಿದಳು.

ಅತ್ತೆ ಕಿಟಕಿಯಲ್ಲಿ ಇಣುಕಿದರು. “ನಾನ ಬೇ. ಹಸದೈತೇನೋ ಅಂತ...”

“ಆಯಿ, ಅಳೂದು ನೀವ ಕಲಿಸೀರಿ. ಇನ್ನ ಸುಮ್ನಿದ್ದಾಗ ಒಗೀರಿ. ಅತ್ರ ಬ್ಯಾಡ.”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಆದರೂ ಇವಳೇ ಸರಿ ಎಂದು ಒಪ್ಪಿದರು. ಮೋತ್ಯಾ ಅತ್ತಾಗಲೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕೂತರು. ಅವನಿಗಿಂತ ಅವರಿಗೇ ಕಷ್ಟವಾಯಿತು.

ಮುನಿಗಳು ಬಂದ ಬೆಳಿಗ್ಗೆ ಓಣಿಯ ಉಳಿದವರಂತೆ ನಾವೂ ಅವರನ್ನು ಆಹಾರಕ್ಕೆ ಕರೆಯಲು ಕಲಶ ಹಿಡಿದು ಬಾಗಿಲಲ್ಲಿ ನಿಂತೆವು. ಯಾರ ಮನೆ ಎನ್ನುವುದು ಅವರು ಮನಸ್ಸಿನಲ್ಲೇ ಹಿಡಿದ ನೇಮಕ್ಕೆ ಬಿಟ್ಟದ್ದು. “ನಮೋಸ್ತು ಸ್ವಾಮಿ” ಎನ್ನುವಾಗಲೂ ನನ್ನ ಕಿವಿ ಹಿತ್ತಲಲ್ಲೇ ಇತ್ತು. ಸದ್ದಿಲ್ಲ. ಮುನಿಗಳು ನಮ್ಮ ಬಾಗಿಲ ಮುಂದೆ ಅರೆಗಳಿಗೆ ನಿಂತು, ಎದುರುಮನೆಗೆ ಹೋದರು.

ಅಲ್ಲಿ ಅವರ ಆಹಾರ ಮುಗಿಯುವವರೆಗೂ ಮೋತ್ಯಾ ಉಸಿರೆತ್ತಲಿಲ್ಲ. ಅತ್ತೆ ಸೀದಾ ಹಿತ್ತಲಿಗೆ ನಡೆದರು. ಸಿಟ್ಟೆಲ್ಲ ಅವನ ಮೇಲೆ ತೀರಿಸುತ್ತಾರೆಂದು ಹೆದರಿ ಹಿಂದೆಯೇ ಓಡಿದೆ.

ಅವರು ಕುಕ್ಕರಗಾಲಲ್ಲಿ ಕೂತು ಅವನ ಕಿವಿ ಸವರುತ್ತಿದ್ದರು.

“ಸ್ವಾಮಿಗಳ ಆಹಾರ ನಿರಂತರಾಯ ಆತು. ಯಾರ ಮನ್ಯಾಗ ಆದ್ರೇನು?” ಎಂದು ಕಣ್ಣೊರೆಸಿಕೊಂಡರು. “ನಾಳಿ ಮತ್ತ ನಿಲ್ಲೂಣು ಪೂನಮ. ಮುಂದ ನಾವಿಬ್ರು, ಹಿಂದ ಇಂವ.”