ಕೈ ಎತ್ತಿದವರು

ಪ್ಲೈವುಡ್ ಗೋಡೆಯ ಆಚೆ ಕತ್ತರಿಯ ಸದ್ದು ನಿಂತಿತು. ಈಚೆ ಒಬ್ಬ ಹೆಂಗಸಿನ ತಲೆಗೆ ಬಣ್ಣ ಹಚ್ಚುತ್ತಿದ್ದ ಮಗಳಿಗೆ ಕತ್ತೆತ್ತಿ ನೋಡದೆಯೇ ಗೊತ್ತಾಯಿತು, ಕರೆಂಟಿನ ಲೈನ್‌ಮನ್ ಮತ್ತೆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾನೆ. ಅವನು ಕಣ್ಮರೆಯಾಗುವ ತನಕ ಅಪ್ಪನ ಕತ್ತರಿ ಗಾಳಿಯಲ್ಲಿ ಹಾಗೇ ಬಾಯಿ ತೆರೆದುಕೊಂಡಿರುತ್ತದೆ. ಆಮೇಲೆ ಒಂದೆರಡು ಸಲ ಸುಮ್ಮನೆ ಕಚಕಚ ಎಂದು ಮತ್ತೆ ಕೂದಲಿಗೆ ಇಳಿಯುತ್ತದೆ.

"ಏನ್ರೀ ಎಡಿಟ್ರೇ, ನಿಂತ್ಕೊಂಡೇ ನಿದ್ದೆ ಬಂತಾ?" ಎಂದ ಆಚೆ ಕುರ್ಚಿಯಲ್ಲಿದ್ದ ಗಿರಾಕಿ.

ಆಚೆ ಕತ್ತರಿ ಮತ್ತೆ ಕಚಕಚ ಎಂದಿತು.

ಅಪ್ಪನಿಗೆ ಆ ಹೆಸರನ್ನು ಕೊಟ್ಟಿದ್ದು ಬೀದಿಯ ಜನ. ಬೆಳಗ್ಗೆ ಅಂಗಡಿಯ ಶಟರ್ ಎತ್ತಿದವನೇ ಅವನು ಪೇಪರಿನ ಸ್ಥಳೀಯ ಸುದ್ದಿಯ ಪುಟವನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಹರಡುತ್ತಿದ್ದ. ಮೊದಲ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುವಷ್ಟರಲ್ಲಿ ಅವತ್ತಿನ ತೀರ್ಪುಗಳು ಶುರುವಾಗುತ್ತಿದ್ದವು. ನೀರಿನ ಪೈಪ್ ಒಡೆದ ಸುದ್ದಿ ಇದ್ದರೆ, "ಒಡೆದಿದ್ದಲ್ಲಪ್ಪ, ಟೆಂಡರ್ ಬೇಕಾಗಿತ್ತು, ಒಡೆಸಿದ್ದು." ಲೈಬ್ರರಿಯನ್ನು ಮೇಲಿನ ಮಹಡಿಗೆ ಸಾಗಿಸಿದಾಗ, "ಓದೋರಿಗೆ ಮೊಣಕಾಲಿಲ್ಲ, ಮೊಣಕಾಲಿರೋರು ಓದಲ್ಲ, ಪುಸ್ತಕ ಒಬ್ಬಂಟಿಯಾಗಿ ಸುಖವಾಗಿರ್ತವೆ ಬಿಡು." ಕೌನ್ಸಿಲರ್ ಬೀದಿ ಗುಡಿಸುವ ಫೋಟೊ ಬಂದರೆ ಕನ್ನಡಕ ಏರಿಸಿ, "ಪೊರಕೆಗೆ ಸುತ್ತಿದ ಪ್ಲಾಸ್ಟಿಕ್ಕನ್ನಾದ್ರೂ ಬಿಚ್ಚಬಾರದಿತ್ತಾ ಪುಣ್ಯಾತ್ಮ?" ಕೂದಲು ಬೆಳೆಯದಿದ್ದವರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಮಗಳು ಅದೇ ಅಂಗಡಿಯ ಅರ್ಧಕ್ಕೆ ಪ್ಲೈವುಡ್ ಹಾಕಿಸಿ ಹೆಂಗಸರಿಗೂ ಮಕ್ಕಳಿಗೂ ಕೂದಲು ಕತ್ತರಿಸತೊಡಗಿದ್ದಳು. ಗೋಡೆ ತೆಳ್ಳಗಿತ್ತು. ಆಚೆಯ ಒಂದು ಮಾತೂ ಈಚೆಗೆ ತಪ್ಪುತ್ತಿರಲಿಲ್ಲ. ಲೈನ್‌ಮನ್‌ನ ಮಗಳಂತೂ ಅದನ್ನು ಕೇಳುವುದಕ್ಕೆಂದೇ ಬರುತ್ತಿದ್ದಳು. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಕೂರಿಸಿದರೆ, ಮುಂಗೂದಲು ಕಣ್ಣಿಗೆ ಬೀಳುತ್ತಿದ್ದರೂ ಕಣ್ಣು ಮುಚ್ಚದೆ ಕಿವಿಗೊಡುತ್ತಿದ್ದಳು.

"ಅತ್ತೆ, ತಾತ ಯಾರಿಗೆ ಬೈತಿದಾರೆ?"

"ಊರಿಗೆ."

"ಊರಿಗೆ ಕೇಳ್ಸುತ್ತಾ?"

ಆ ಪ್ರಶ್ನೆಗೆ ಅವತ್ತು ಮಗಳು ನಕ್ಕಿದ್ದಳು. ಈಗ ಬಣ್ಣದ ಬಟ್ಟಲು ಹಿಡಿದು ನಿಂತಿರುವಾಗ, ನೆಲ ಗುಡಿಸುವಾಗ, ಅದು ತಾನಾಗಿಯೇ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಊರಿಗೆ ಕೇಳಿಸಿತ್ತು. ಒಂದು ಸಲ, ಚೆನ್ನಾಗಿಯೇ ಕೇಳಿಸಿತ್ತು.

ವಾರ್ಡಿನ ಸಭೆ ನಡೆದದ್ದು ಶಾಲೆಯ ಹಾಲಿನಲ್ಲಿ. ಅಂಗಡಿಯ ಹತ್ತಿರದ ತಿರುವಿನಲ್ಲಿ ಗಾಡಿಗಳು ಜೋರಾಗಿ ಬರುತ್ತವೆ, ಅಲ್ಲೊಂದು ಹಂಪ್ ಹಾಕಿಸಬೇಕು ಎಂದು ಟೀಚರೊಬ್ಬರು ಕೇಳಿದರು. ಅಪ್ಪ ಎದ್ದು ನಿಂತ. ಅವನು ಎದ್ದದ್ದಕ್ಕೇ ಅರ್ಧ ಜನ ನಗಲು ಅಣಿಯಾದರು. ಅವನು ಮಾತು ಮುಗಿಸುವ ಹೊತ್ತಿಗೆ ಕೌನ್ಸಿಲರ್ ಕೂಡ ಮೇಜು ಬಡಿದು ನಗುತ್ತಿದ್ದ. ಹಂಪ್ ಬೇಡ ಅನ್ನೋರು ಕೈ ಎತ್ತಿ ಎಂದಾಗ ಹಾಲಿನ ತುಂಬ ಕೈಗಳೆದ್ದವು. ಹಿಂದಿನ ಸಾಲಿನಲ್ಲಿದ್ದ ಮಗಳು ಆ ಕಡೆಗೂ ಎತ್ತಲಿಲ್ಲ, ಈ ಕಡೆಗೂ ಎತ್ತಲಿಲ್ಲ. ಮಡಿಲಲ್ಲಿ ಕೈಕಟ್ಟಿ ಕೂತಿದ್ದಳು.

ಮಳೆಗಾಲ ಮುಗಿಯುವ ಮುಂಚೆ ಅದೇ ತಿರುವಿನಲ್ಲಿ, ಶಾಲೆಗೆ ಹೊರಟಿದ್ದ ಲೈನ್‌ಮನ್‌ನ ಮಗಳಿಗೆ ಹಾಲಿನ ವ್ಯಾನ್ ಗುದ್ದಿತು. ಆಸ್ಪತ್ರೆಗೆ ಒಯ್ಯುವಂಥದ್ದೇನೂ ಉಳಿದಿರಲಿಲ್ಲ. ಹಂಪ್ ಅದೇ ವಾರ ಬಂತು, ಯಾವ ಸಭೆಯೂ ಇಲ್ಲದೆ. ಅಂಗಡಿಯ ಮುಂದೆಯೇ ಬಂತು. ಅಂದಿನಿಂದ ಬೆಳಗಿನಿಂದ ಸಂಜೆಯವರೆಗೆ ಧಡ್, ಧಡ್ ಎಂದು ಮುಂದಿನ ಚಕ್ರ, ಹಿಂದಿನ ಚಕ್ರ. ಪ್ರತಿ ಸದ್ದಿಗೂ ಅಪ್ಪನ ಭುಜ ಒಂದಿಷ್ಟು ಕುಗ್ಗುತ್ತಿತ್ತು. ಗಿರಾಕಿಗಳ ಗಲ್ಲದ ಮೇಲೆ ಕೂದಲೆಳೆಯಷ್ಟು ಗೀರುಗಳು ಬೀಳತೊಡಗಿದವು.

ಅಪ್ಪನ ಬಾಯಿಗೆ ಬೀಗ ಬಿತ್ತು. ಪೇಪರ್ ಬರುತ್ತಿತ್ತು, ಸುತ್ತಿದ ಹಾಗೇ ಮೂಲೆ ಸೇರುತ್ತಿತ್ತು. ಯಾರಾದರೂ ಕೆಣಕಿ, "ಮಾರ್ಕೆಟ್ ಎತ್ತಂಗಡಿ ಮಾಡ್ತಾರಂತೆ, ನೀವೇನಂತೀರಿ?" ಎಂದರೆ, "ನಂಗೇನ್ ಗೊತ್ತಪ್ಪ" ಎನ್ನುತ್ತಿದ್ದ. ಅವನ ಬಾಯಿಂದ ಆ ಮಾತನ್ನು ಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೆಂಚು ಖಾಲಿಯಾಯಿತು.

ಲೈನ್‌ಮನ್ ಬಂದು ಬೈದಿದ್ದರೆ ಚೆನ್ನಾಗಿತ್ತು. ಗಾಜು ಒಡೆದಿದ್ದರೂ ಆಗುತ್ತಿತ್ತು. ಅವನು ಒಳಗೆ ಬರಲೇ ಇಲ್ಲ. ಏಣಿ ಹೊತ್ತುಕೊಂಡು, ಸೊಂಟಕ್ಕೆ ಇಕ್ಕಳ ಸಿಕ್ಕಿಸಿಕೊಂಡು, ದಿನಾ ಅಂಗಡಿಯ ಮುಂದೆಯೇ ಹೋಗುತ್ತಿದ್ದ. ಅವನ ಕೂದಲು ಮೊದಲು ಕಿವಿ ಮುಚ್ಚಿತು, ಆಮೇಲೆ ಕಾಲರ್ ದಾಟಿತು. ಗಡ್ಡ ಕುತ್ತಿಗೆಗೆ ಇಳಿಯಿತು. ಬೀದಿಗೆಲ್ಲ ಅದು ದುಃಖದ ಗುರುತಾಗಿತ್ತು. ಅಪ್ಪನಿಗೆ ಮಾತ್ರ, ತನ್ನ ಕಣ್ಣೆದುರಿಗೇ ದಿನದಿನವೂ ಬೆಳೆಯುತ್ತಿರುವ ಆಪಾದನೆಯಾಗಿತ್ತು. "ಇವತ್ತು ಹೋದ್ನಾ?" ಎಂದು ಊಟದ ಹೊತ್ತಿಗೆ ಕೇಳುತ್ತಿದ್ದ. ಹೋದದ್ದನ್ನು ತಾನೇ ನೋಡಿದ್ದರೂ ಕೇಳುತ್ತಿದ್ದ.

ಲೈನ್‌ಮನ್ ಕೊನೆಗೂ ಒಳಗೆ ಬಂದದ್ದು ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಗಳು ತನ್ನ ಕಡೆ ಟವೆಲ್ ಮಡಚುತ್ತಿದ್ದಳು. ಏಣಿಯನ್ನು ಗೋಡೆಗೆ ಒರಗಿಸಿದ ಸದ್ದು, ಇಕ್ಕಳವನ್ನು ಮೊಳೆಗೆ ತೂಗುಹಾಕಿದ ಸದ್ದು, ಕುರ್ಚಿ ಕಿರುಗುಟ್ಟಿದ ಸದ್ದು. ಅವಳು ಪ್ಲೈವುಡ್ಡಿನ ಬಿರುಕಿಗೆ ಕಣ್ಣು ಹಚ್ಚಿದಳು.

"ಕಟಿಂಗಾ?" ಎಂದ ಅಪ್ಪ.

"ಹೂಂ."

ಅಪ್ಪ ಬಿಳಿ ಬಟ್ಟೆ ಕೊಡವಿ ಹೊದಿಸಿದ. ಕುತ್ತಿಗೆಯ ಹಿಂದೆ ಗಂಟು ಹಾಕಲು ಬೆರಳು ಬಹಳ ಹೊತ್ತು ತಡಕಾಡಿದವು. ಒದ್ದೆ ಮಾಡಿ, ಬಾಚಿ, ಎಡಗಡೆಯಿಂದ ಶುರುಮಾಡಿದ. ಕೂದಲು ಉದ್ದುದ್ದ ಎಳೆಗಳಾಗಿ ಬಟ್ಟೆಯ ಮೇಲೆ ಜಾರಿದವು.

"ಏನೂ ಮಾತಾಡಲ್ವಾ ಎಡಿಟ್ರೇ?"

"ಏನ್ ಮಾತಾಡ್ಲಪ್ಪ."

"ಅವತ್ತು ಸಭೇಲಿ ಮಾತಾಡಿದ್ರಲ್ಲ. ಅದನ್ನ ಹೇಳಿ."

ಕತ್ತರಿ ನಿಂತಿತು.

"ಬೇಡ ಕಣಪ್ಪ."

"ಹೇಳಿ. ನಾನೂ ಅಲ್ಲಿದ್ದೆ. ನಾನೂ ಕೈ ಎತ್ತಿದೆ." ಲೈನ್‌ಮನ್ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದ. "ಮೂರನೇ ಸಾಲು, ಕಿಟಕಿ ಪಕ್ಕ. ಯಾಕೆ ಎತ್ತಿದೆ ಅಂತ ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗ್ತಿಲ್ಲ. ತುಂಬಾ ನಕ್ಕಿದ್ದು ನೆನಪಿದೆ. ಅಷ್ಟೊಂದು ನಗೋ ಥರ ನೀವೇನು ಹೇಳಿದ್ರಿ ಅಂತ ಒಂದ್ಸಲ ಕೇಳ್ಬೇಕು."

ಅಪ್ಪ ಗೋಡೆಯ ಕಡೆಗೆ ನೋಡಿದ. ಬಿರುಕಿನ ಹಿಂದೆ ಮಗಳಿರುವುದು ಅವನಿಗೆ ಗೊತ್ತಿತ್ತೋ ಏನೋ. ಆಮೇಲೆ ಹೇಳತೊಡಗಿದ. ದನಿಯಲ್ಲಿ ಏರಿಳಿತವಿರಲಿಲ್ಲ, ಮಗ್ಗಿ ಒಪ್ಪಿಸುವವನ ಹಾಗಿತ್ತು.

"ಹಂಪ್ ಹಾಕಿದ್ರೆ ನನ್ನ ಕಟ್ಟಿಸಿದ ಹಲ್ಲು ಬಾಯಲ್ಲಿ ನಿಲ್ಲಲ್ಲ ಅಂದೆ. ಒಂದು ಹಂಪಲ್ಲಿ ಹಾರಿದ್ದು ಬಸ್ಸಲ್ಲಿ ಮುಂದೆ ಕೂತವರ ಜೇಬಿಗೆ ಬೀಳುತ್ತೆ, ಅವರು ಇಳಿಯೋದ್ರೊಳಗೆ ಇನ್ನೊಂದು ಹಂಪ್ ಬಂದ್ರೆ ವಾಪಸ್ ಹಾರಿ ಬರುತ್ತೆ, ಇಲ್ದಿದ್ರೆ ಹಲ್ಲು ಅವರ ಮನೆ ಊಟ ಮಾಡುತ್ತೆ ಅಂದೆ."

ಲೈನ್‌ಮನ್‌ನ ತುಟಿಯ ತುದಿ ಅಲುಗಿತು. ನಗು ಬಂದಿತ್ತು. ಅದನ್ನು ಕನ್ನಡಿಯಲ್ಲಿ ಕಂಡವನೇ ಹಲ್ಲು ಕಚ್ಚಿಕೊಂಡ.

"ಆಮೇಲೆ?"

"ಹಂಪು ಕಂಟ್ರಾಕ್ಟರ್ ಹೊಟ್ಟೆ ಇದ್ದ ಹಾಗೆ, ಒಂದು ಸಲ ಬಂದ್ರೆ ಕರಗಲ್ಲ ಅಂದೆ. ಅಷ್ಟೇ."

"ಅಷ್ಟೇ ಅಲ್ಲ. ಇನ್ನೊಂದಿತ್ತು. ಮಕ್ಕಳ ಬಗ್ಗೆ."

ಹೊರಗೆ ಒಂದು ಟೆಂಪೊ ಹಂಪ್ ದಾಟಿತು. ಅಪ್ಪ ಕತ್ತರಿಯನ್ನು ಹಲಗೆಯ ಮೇಲಿಟ್ಟ.

"ಮಕ್ಕಳಿಗೆ ರಸ್ತೆ ದಾಟೋದು ಕಲಿಸಿ," ಎಂದ. ಉಸಿರು ತೆಗೆದುಕೊಂಡು ಮುಂದಿನದನ್ನೂ ಹೇಳಿದ. "ಅದು ಬಿಟ್ಟು ರಸ್ತೆ ತಲೆಗೆ ಯಾಕೆ ಬುಗುಟು ಬರಿಸ್ತೀರಿ ಅಂದೆ."

"ಹಾಂ. ಅದಕ್ಕೇ ಕೈ ಎತ್ತಿದ್ದು." ಬಹಳ ದಿನಗಳಿಂದ ಹುಡುಕುತ್ತಿದ್ದ ಸಾಮಾನು ಸಿಕ್ಕವನಂತೆ ಲೈನ್‌ಮನ್ ತಲೆಯಾಡಿಸಿದ. "ಕಲಿಸಿದ್ದೆ ಎಡಿಟ್ರೇ. ನಿಂತ್ಕೋ, ಆ ಕಡೆ ನೋಡು, ಈ ಕಡೆ ನೋಡು ಅಂತ. ನೋಡಿದ್ಲಂತೆ. ತಿರುವಿನಲ್ಲಿರೋ ಬೇಕರಿಯವನು ಹೇಳಿದ, ಎರಡೂ ಕಡೆ ನೋಡೇ ಕಾಲಿಟ್ಲು ಅಂತ."

ಮಗಳಿಗೆ ಇನ್ನು ಈಚೆಯೇ ನಿಲ್ಲಲಾಗಲಿಲ್ಲ. ಟವೆಲ್ ಹಿಡಿದುಕೊಂಡೇ ಗೋಡೆ ಸುತ್ತಿ ಬಂದಳು.

"ಅಪ್ಪ ಅದನ್ನ ತಮಾಷೆಗೆ ಹೇಳಿದ್ದಲ್ಲಣ್ಣ."

"ಸುಮ್ನಿರಮ್ಮ," ಎಂದ ಅಪ್ಪ.

"ಇಲ್ಲ, ಹೇಳ್ತೀನಿ. ನಮ್ಮಮ್ಮನಿಗೆ ಬೆನ್ನುಮೂಳೆ ಕಾಯಿಲೆ. ಕೊನೇ ಸಲ ಬಾಡಿಗೆ ಕಾರಲ್ಲಿ ಕರ್ಕೊಂಡು ಹೋದ್ವಿ. ಆಸ್ಪತ್ರೆ ದಾರಿ ತುಂಬ ಹಂಪು. ಒಂದೊಂದು ಬಂದಾಗಲೂ ಅಮ್ಮ ನನ್ನ ಮುಂಗೈ ಹಿಡ್ಕೋತಿದ್ಲು. ಮುಂದಿನ ಸೀಟಲ್ಲಿ ಅಪ್ಪ, ಡ್ರೈವರ್‌ಗೆ ನಿಧಾನ, ನಿಧಾನ ಅಂತಿದ್ರು. ಎಷ್ಟು ನಿಧಾನ ಹೋದ್ರೂ ಅಮ್ಮ ಕೂಗೋಳು. ಆಮೇಲೆ ಆಮೇಲೆ ಹಂಪ್ ಬರೋಕೆ ಮುಂಚೆನೇ ಕೂಗೋಳು. ಅವತ್ತಿಂದ ಅಪ್ಪನಿಗೆ ಹಂಪ್ ಅಂದ್ರೆ ಆಗಲ್ಲ."

ಲೈನ್‌ಮನ್ ಕನ್ನಡಿಯೊಳಗಿಂದಲೇ ಅಪ್ಪನನ್ನು ನೋಡಿದ.

"ಅದನ್ನ ಯಾಕೆ ಹೇಳ್ಲಿಲ್ಲ ನೀವು?"

"ಅಷ್ಟು ಜನರ ಮುಂದೆ ಹೇಗಪ್ಪ ಹೇಳೋದು," ಎಂದ ಅಪ್ಪ. "ನಗಿಸೋದು ಗೊತ್ತಿತ್ತು, ನಗಿಸಿದೆ." ಕುರ್ಚಿಯ ಬೆನ್ನು ಹಿಡಿದುಕೊಂಡ. "ನಾನು ಮಾಡಿದ್ದು ತಪ್ಪಾಯ್ತು ಕಣಪ್ಪ."

"ಹಾಗನ್ಬೇಡಿ." ಲೈನ್‌ಮನ್‌ನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. "ನೀವು ತಪ್ಪಾಯ್ತು ಅಂತ ನನ್ ಹತ್ರ ಅಂದು ಹಗುರ ಆಗ್ತೀರಿ. ನಾನು ಯಾರ ಹತ್ರ ಅನ್ಲಿ? ನಾನು ಆ ಸಭೆಗೆ ಹೋಗಿದ್ದೇ ಮನೆಯವಳಿಗೆ ಗೊತ್ತಿಲ್ಲ. ಬೆಳಗಾದ್ರೆ ಕೈ ಎತ್ತಿದವರಿಗೆಲ್ಲ ಶಾಪ ಹಾಕ್ತಾಳೆ. ಅವರ ಕೈ ಸೇದಿಹೋಗ್ಲಿ ಅಂತಾಳೆ. ನಾನು ಪಕ್ಕದಲ್ಲಿ ಕೂತು ಹೂಂ ಅಂತೀನಿ."

ಮಗಳಿಗೆ ತನ್ನ ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದ ಕೈಗಳ ನೆನಪಾಯಿತು. ಅವಳು ಹಿಡಿದಿದ್ದ ಟವೆಲನ್ನು ಇನ್ನೊಂದು ಮಡಿಕೆ ಮಡಚಿದಳು. ಅಪ್ಪ ಕತ್ತರಿ ಎತ್ತಿಕೊಂಡ. ಬಲಗಡೆ ಇನ್ನೂ ಹಾಗೇ ಇತ್ತು. ಒಂದು ಎಳೆ ಹಿಡಿದು ಕತ್ತರಿಸಿದ, ಇನ್ನೊಂದು ಹಿಡಿದ. ಅದನ್ನು ಕತ್ತರಿಸದೆ ಬಿಟ್ಟ.

"ಸಾಕು ಬಿಡಿ," ಎಂದು ಲೈನ್‌ಮನ್ ಎದ್ದ.

"ಇನ್ನೊಂದು ಕಡೆ ಇದೆಯಲ್ಲೋ."

"ಇರ್ಲಿ. ನಾಳೆ ಬರ್ತೀನಿ." ಬಾಗಿಲವರೆಗೂ ಹೋದವನು ನಿಂತು, ತಿರುಗಿ ನೋಡದೆ ಹೇಳಿದ, "ನಾಳೆ ಪೇಪರ್ ಓದಿ ಎಡಿಟ್ರೇ. ನೀವು ಸುಮ್ನಿದ್ರೆ ಬೀದಿಗೆಲ್ಲ ಮಗಳೇ ನೆನಪಾಗ್ತಾಳೆ. ನನಗೆ ಒಂದ್ಗಳಿಗೆ ಮರೀಬೇಕು."

ಲೈನ್‌ಮನ್ ಮೆಟ್ಟಿಲಿಳಿದು ಹೋದ. ಏಣಿ, ಇಕ್ಕಳ ಎರಡೂ ಅಲ್ಲೇ ಉಳಿದವು. ಅವನ ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆಯೂ ಹಾಗೇ ಇತ್ತು. ಕರೆಯಬೇಕೆಂದು ಮಗಳು ಬಾಗಿಲಿಗೆ ಬಂದಳು. ಅಪ್ಪ ಅವಳ ಭುಜ ಹಿಡಿದು ತಡೆದ.

ಮಧ್ಯಾಹ್ನದ ಬಿಸಿಲಿಗೆ ರಸ್ತೆ ಖಾಲಿಯಾಗಿತ್ತು. ಲೈನ್‌ಮನ್ ಅಂಚಿಗೆ ಹೋಗಿ ನಿಂತ. ಆ ಕಡೆ ನೋಡಿದ. ಈ ಕಡೆ ನೋಡಿದ. ಮತ್ತೆ ಆ ಕಡೆ ನೋಡಿದ. ಹೊದ್ದ ಬಟ್ಟೆಯ ಒಂದು ಬದಿ ಮೆಲ್ಲಗೆ ಸರಿದು, ಒಳಗಿನಿಂದ ಅವನ ಕೈ ಹೊರಬಂತು. ಪುಟ್ಟ ಕೈಯೊಂದನ್ನು ಹಿಡಿದವನಂತೆ ಬೆರಳುಗಳನ್ನು ಅರ್ಧ ಮಡಚಿ, ಅದನ್ನು ಮೊಣಕಾಲಿಗಿಂತ ಸ್ವಲ್ಪವೇ ಮೇಲೆ ಹಿಡಿದುಕೊಂಡು, ಅವನು ಅಲ್ಲೇ ನಿಂತಿದ್ದ.