ದುಪಟ್ಟಾದ ನವಿಲು

ನನ್ನ ಗಂಡ ಹಿದಾಯತುಲ್ಲಾ ಯಾರಿಗೂ ‘ಬೇಡ’ ಅಂದವರೇ ಅಲ್ಲ. ಶಿರಾದ ನಮ್ಮ ಬೀದಿಗೆ ಚಾಪೆಯವನು ಬಂದರೆ ಚಾಪೆ, ಬಿಂದಿಗೆಯವಳು ಬಂದರೆ ಬಿಂದಿಗೆ. ಬಾಗಿಲಿಗೆ ಬಂದವರಿಗೆ ಮುಖ ಮುರಿದಂತೆ ಹೇಳಬಾರದಂತೆ. ಅದೇ ಶರಾಫತ್ತನ್ನು ಈ ಮಹಾನುಭಾವರು ಮನೆಯ ಕಂಪ್ಯೂಟರಿಗೂ ತೋರಿಸಿದ್ದರು.

ನನ್ನ ಕಸೂತಿ ಮೆಷಿನ್ನಿಗೆ ಡಿಸೈನು ಹೋಗುವುದು ಆ ಕಂಪ್ಯೂಟರಿನಿಂದಲೇ. ಅಕ್ಕನ ಮಗಳು ಉಮ್ಮೆ ಹಾನಿಯ ನಿಕಾಹ್ ಶುಕ್ರವಾರ. ಹುಡುಗನ ಕಡೆಯವರು ಬುಕ್ಕಾಪಟ್ಟಣದಲ್ಲಿ ಕೋಳಿ ಫಾರಂ ಇಟ್ಟವರು. ಅವಳ ದುಪಟ್ಟಾಕ್ಕೆಂದು ತಿಂಗಳಿಂದ ಕಣ್ಣು ನೋಯಿಸಿಕೊಂಡು ಅದರಲ್ಲೇ ನವಿಲು ಬರೆದಿದ್ದೆ; ಬಾಲವೊಂದು ಬಾಕಿಯಿತ್ತು. ಗುರುವಾರ ಬೆಳಿಗ್ಗೆ ತೆರೆದರೆ ನವಿಲಿನ ಮೇಲೆ ‘ಅಭಿನಂದನೆ, ಕಾರು ಗೆದ್ದಿರಿ!’, ಅದರ ಮೇಲೆ ‘ನಿಮ್ಮ ಕಂಪ್ಯೂಟರಿಗೆ ಕಾಯಿಲೆ, ವಾಸಿ ಮಾಡಲೇ?’ ಒಂದು ಮುಚ್ಚಿದರೆ ಎರಡು ಎದ್ದವು. ಕೂಡಲೇ ಫೋನು ಎತ್ತಿಕೊಂಡೆ.

ಮಧುಗಿರಿಯಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಮಂಗಳಾ ಬಸ್ಸು ಹತ್ತಿ ಬಂದಳು. ಬಂದವಳೇ ಇಂಟರ್ನೆಟ್ ವೈರು ಕಿತ್ತಳು.

“ಅಯ್ಯೋ ಶಿವನೇ, ಇಷ್ಟೊಂದ್ ದರಿದ್ರನ ಒಳಕ್ ಬುಟ್ಕೊಂಡೋರು ಯಾರಕ್ಕ?”

“ಪಾಪ, ಎಲ್ಲಾ ಅದಬಿನಿಂದ, ಮರ್ಯಾದೆಯಾಗಿ ಕೇಳಿದ್ವಮ್ಮ,” ಅಂದರು ನನ್ನ ಗಂಡ. “ಯೆಸ್ ಅಂತ ಒತ್ತಿದೆ.”

“ಕರೆದೋರೇ ಕಳಿಸ್ಬೇಕು ಕಣ್ ಭಾಯ್,” ಎಂದು ಮಂಗಳಾ ಮೌಸನ್ನು ಅವರ ಕೈಗೇ ಕೊಟ್ಟಳು. ತೆಗೆಯಲು ಹೋದರೆ ಆ ಹಾಳು ಪ್ರೋಗ್ರಾಮು ಅಳುವ ಮುಖ ತೋರಿಸಿ, ‘ನಮ್ಮನ್ನು ನಿಜವಾಗಲೂ ಕಳಿಸಿಬಿಡುತ್ತೀರಾ?’ ಎಂದು ಕೇಳಿತು. ಇವರ ಕಣ್ಣು ತುಂಬಿತು. ‘ಇರಲಿ’ ಒತ್ತಿಬಿಟ್ಟರು!

ನನಗೆ ರೇಗಿಹೋಯಿತು. “ರೀ, ಭಿಕ್ಷೆಯವರಿಗೆ ಕೊಡೋಕೆ ಚಿಲ್ಲರೆ ಇಲ್ದಾಗ ಏನಂತೀರಿ?”

“ಮಾಫ್ ಕರೋ ಬಾಬಾ ಅಂತೀನಿ.”

“ಅದನ್ನೇ ಅಂದು ಒತ್ತಿ!”

ಎದೆಗೆ ಕೈ ಇಟ್ಟುಕೊಂಡು, ಬಲು ಸಂಕಟದಿಂದ, “ಮಾಫ್ ಕರೋ ಬಾಬಾ” ಅಂದು ‘ತೆಗೆ’ ಒತ್ತಿದರು. ಹೋಯಿತು! ಇನ್ನೊಂದಕ್ಕೂ ಅಂದರು, ಅದೂ ಹೋಯಿತು. ಆಮೇಲೆ ಅವರ ಹುರುಪು ನೋಡಬೇಕಿತ್ತು. ಮಂಗಳಾ ಬ್ರೌಸರಿಗೆ ಅಂಟಿಕೊಂಡಿದ್ದವನ್ನೂ ಕಿತ್ತು, ತಂದಿದ್ದ ಆಂಟಿವೈರಸ್ ಹಾಕಿ ಮೂಲೆಮೂಲೆ ಜಾಲಾಡಿ, ಚಹಾ ಕುಡಿದು ಬಸ್ಸು ಹಿಡಿದಳು.

ನಾನು ಕೂತು ಬಾಲ ಮುಗಿಸಿದೆ. ಎಂಥಾ ಬಾಲ! “ಇದನ್ನ ಮುಚ್ಚಿ, ಮೆಷಿನ್ನಿಗೆ ಕಳಿಸಿ” ಎಂದು ಇವರಿಗೆ ಹೇಳಿ ನಮಾಜಿಗೆ ಎದ್ದೆ. ಅಡುಗೆಯನ್ನೂ ಮುಗಿಸಿ ಬಂದರೆ ಹೊಲಿಗೆ ಮುಗಿದಿತ್ತು. ದುಪಟ್ಟಾದ ಮೇಲಿನ ನವಿಲಿಗೆ ಬಾಲವೇ ಇಲ್ಲ.

“ಬದಲಾವಣೆ ಉಳಿಸಲೇ ಅಂತ ಕೇಳ್ತು,” ಎಂದರು ಹೆಮ್ಮೆಯಿಂದ. “ಮಾಫ್ ಕರೋ ಬಾಬಾ ಅಂದ್ಬುಟ್ಟೆ.”

ತಲೆ ಮೇಲೆ ಕೈ ಹೊತ್ತು ಅಳುತ್ತಾ ಕೂತೆ. ಅಷ್ಟರಲ್ಲಿ ಉಮ್ಮೆ ಹಾನಿ ಬಂದು ದುಪಟ್ಟಾ ಎತ್ತಿ ನೋಡಿದಳು.

“ಖಾಲಾ, ಕೋಳಿ! ಅವರ ಫಾರಂಗೆ ಹೊಂದ್ಲಿ ಅಂತ ಹಾಕಿದ್ರಾ?” ಎಂದು ಹೊದ್ದುಕೊಂಡು ಕುಣಿದೇ ಬಿಟ್ಟಳು. ನಾನು ಕಣ್ಣೊರೆಸಿಕೊಂಡು ‘ಹೂಂ’ ಅಂದೆ. ಇನ್ನೇನು ಹೇಳಲಿ?

ನಿಕಾಹಿನ ದಿನ ಬೀಗಿತ್ತಿಯರೆಲ್ಲ ದುಪಟ್ಟಾ ಮುಟ್ಟಿ ಮುಟ್ಟಿ ನೋಡಿ, ನಮಗೂ ಕೋಳಿಯದೇ ಬೇಕು ಅಂದರು. ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳದೆ ಎಲ್ಲರಿಗೂ ಒಪ್ಪಿ ಬಂದರು.

ಮನೆಗೆ ಬಂದು ಕುರ್ಚಿಗೆ ಒರಗಿ, “ಶಾಹಜಾದಿ, ಒಂದು ಲೋಟ ಚಹಾ ಸಿಗುತ್ತಾ?” ಅಂದರು.

ನಾನು ಎದೆಗೆ ಕೈ ಇಟ್ಟುಕೊಂಡೆ. “ಮಾಫ್ ಕರೋ ಬಾಬಾ.”