ಭಂಡಾರ ಮುಟ್ಟಿದ ಕೈ

ಆ ದಿನ ಮುಂಜಾನೆ ಅಬ್ಬಿಗೇರಿಯ ಎರೆಹೊಲಗಳ ಮೇಲೆ ಮಂಜು, ಹತ್ತಿ ಹಿಂಜಿ ಹರವಿದ ಹಾಗೆ ಬಿದ್ದಿತ್ತು. ಬಸ್ಸಿಳಿದ ನಾಗರತ್ನಾಳ ಸೆರಗಿನ ಗಂಟಿನಲ್ಲಿ ನರಗುಂದದ ದವಾಖಾನೆಯ ಕಾಗದವಿತ್ತು. ಹಿಂದೆ ಗಂಡ ಕಲ್ಲೇಶ ನಿಂತು ನಿಂತು ನಡೆದು ಬರುತ್ತಿದ್ದ.

ಹದಿನೈದು ದಿನದ ಹಿಂದೆ ಅವನಿಗೆ ಚಳಿಜ್ವರ ಬಂದಿತ್ತು, ಮಲೇರಿಯಾ. ಗುಳಿಗೆ ನುಂಗಿದ ಮೂರನೆಯ ದಿನ ಮೂತ್ರ ಕರಿ ಚಹಾದಂತಾಯಿತು, ಕಣ್ಣು ಹಳದಿಯಾಯಿತು, ಮನುಷ್ಯ ಗೋಡೆ ಹಿಡಿದ. ಅತ್ತೆ ಮಾಳವ್ವ ಗುಳಿಗೆಯನ್ನು ಬೈಯಲಿಲ್ಲ. ಓಣಿ ಕೂಡಿಸಿ, ಮೈಲಾರಲಿಂಗನ ಭಂಡಾರದ ಬಟ್ಟಲು ತಂದು ಸೊಸೆಯ ಮುಂದಿಟ್ಟಳು.

"ರೊಟ್ಟಿಯಾಗ ಏನ ಹಾಕಿದಿ? ಮುಟ್ಟಿ ಹೇಳ, ಗಂಡಗ ನಾ ಏನೂ ಕೊಟ್ಟಿಲ್ಲಂತ."

ನಾಗರತ್ನಾ ಆ ಅರಿಷಿಣ ಮುಟ್ಟಿ ಹೇಳಿದಳು. ಭಂಡಾರ ಮುಟ್ಟಿದ ಮೇಲೆ ಮಾತು ಮುಗಿಯಬೇಕು. ಮುಗಿಯಲಿಲ್ಲ. ಹಿಟ್ಟು ನಾದುವ ಕೊಣಮಿಗೆಯನ್ನು ಮಾಳವ್ವ ಅವಳ ಕೈಯಿಂದ ಕಸಿದು ಅಟ್ಟಕ್ಕೇರಿಸಿದಳು. "ಈ ಕೈಲೆ ನಾದಿದ್ದು ಈ ಮನಿಯಾಗ ಯಾರೂ ತಿನ್ನಂಗಿಲ್ಲ."

ನರಗುಂದದ ಡಾಕ್ಟರಮ್ಮ ರಕ್ತ ತಪಾಸಣೆ ಮಾಡಿಸಿ ಹೇಳಿದ್ದಳು: "ಇದು ಹುಟ್ಟಾ ಬಂದ ಕೊರತಿ. ತಲಿತಲಾಂತರ ಚಳಿಜ್ವರದಾಗ ಬಾಳಿದ ಮಂದಿ ರಕ್ತದಾಗ ಉಳಕೊಂಡಿರ್ತದ. ಜ್ವರಕ್ಕ ಒಂದೀಟು ಅಡ್ಡ ನಿಲ್ತದ. ಆದ್ರ ಆ ಗುಳಿಗಿ ಬಿತ್ತಂದ್ರ ರಕ್ತ ಒಡೀತದ. ಗಂಡಮಗಗ ಇದು ತಾಯಿ ಕಡಿಂದನ ಬರೂದು."

ಆ ಕೊನೆಯ ಮಾತನ್ನು ನಾಗರತ್ನಾ ದಾರಿಯುದ್ದಕ್ಕೂ ಬೆಲ್ಲದ ಹರಳಿನಂತೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಬಂದಿದ್ದಳು.

ಮನೆ ಹೊಗುವ ಮೊದಲು ಎದುರು ಮನೆಯ ಮುದುಕಿಯನ್ನು ಕರೆದಳು. "ದೇವವ್ವ ಚಿಗವ್ವ, ಅವತ್ತ ಬಂದವರೆಲ್ಲಾ ಇವತ್ತೂ ಬರ್ರಿ."

ಓಣಿ ಕೂಡಿತು. ನಾಗರತ್ನಾ ಕಾಗದ ಬಿಚ್ಚಿ, ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲು ತಂದು ಅತ್ತೆಯ ಮುಂದಿಟ್ಟಳು.

"ಮುಟ್ಟಿ ಹೇಳ್ರಿ ಅತ್ತಿ. ಮಗಗ ನಾ ಏನೂ ಕೊಟ್ಟಿಲ್ಲಂತ."

"ಮುಟ್ಟ ಮಾಳವ್ವ," ಎಂದಳು ದೇವವ್ವ. "ಸೊಸಿ ಮುಟ್ಟಿದ್ದಳಲ್ಲ. ಅರಿಷಿಣ ಏನ ಸುಡಂಗಿಲ್ಲ."

ದಿನಾ ಭಂಡಾರ ಹಚ್ಚದೆ ನೀರೂ ಕುಡಿಯದ ಮಾಳವ್ವನ ಕೈ ಬಟ್ಟಲ ತನಕ ಬಂದು ನಿಂತಿತು.

"ನನಗ ಗೊತ್ತಿರಲಿಲ್ಲವ್ವಾ."

"ನನಗೂ ಗೊತ್ತಿರಲಿಲ್ರಿ. ಆದ್ರೂ ಮುಟ್ಟಿದ್ದೆ."

"ಸಾಕ ಬಿಡ," ಎಂದ ಕಲ್ಲೇಶ. ಅವಳು ಬಿಡಲಿಲ್ಲ. ಮಂಜು ಕರಗಿ ಬಿಸಿಲು ಕಟ್ಟೆಗೆ ಬಂದರೂ ಬಟ್ಟಲು ಎತ್ತಲಿಲ್ಲ.

ಕಡೆಗೆ ಮಾಳವ್ವ ಎದ್ದು ಒಳಗೆ ಹೋದಳು. ಅಟ್ಟದಿಂದ ಕೊಣಮಿಗೆ ಇಳಿಸಿ, ಧೂಳನ್ನು ತನ್ನ ಸೆರಗಿನಿಂದ ಒರೆಸಿ, ಸೊಸೆಯ ಕೈಗೆ ಕೊಟ್ಟಳು.